ಕಬಿನಿಯೋ ಬಂಡೀಪುರವೋ? ಏಪ್ರಿಲ್‌ನಲ್ಲಿ ಎರಡೇ ಸಫಾರಿ, ಜೊತೆಗೆ ಬೆನ್ನುನೋವಿನ ಅಮ್ಮ

ಧಾರವಾಡಪೇಡೆ:
ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಮೊದಲ ವಾರ ಐದು ಜನ ಹೊರಟೀವಿ. ಅಮ್ಮನಿಗೆ 68, ಸೊಂಟದ ನೋವು ಇದೆ. ಮಗನಿಗೆ 7. ರಜೆ, ದುಡ್ಡು ಎರಡೂ ಲೆಕ್ಕದ್ದು, ಹಾಗಾಗಿ ಎರಡೇ ಸಫಾರಿ. ನನ್ನ ಪ್ರಶ್ನೆಗಳು: 1) ಕಬಿನಿಯೋ ಬಂಡೀಪುರವೋ? 2) ಜೀಪೋ ಬಸ್ಸೋ? 3) ದೋಣಿ ಸಫಾರಿಗೆ ಅರ್ಥ ಇದೆಯಾ? 4) ಕ್ಯಾಮೆರಾಗೆ 70-300 ಮಿ.ಮೀ. ಲೆನ್ಸ್ ಸಾಕಾಗುತ್ತಾ? ತಮಿಳುನಾಡಿನ ಕಡೆ, ಮಸಿನಗುಡಿಯಲ್ಲಿ ಪರಿಚಯದವರ ಮನೆ ಇದೆ, ಅಲ್ಲಿ ಉಳಿದು ಬೆಳಗ್ಗೆ ಬಂಡೀಪುರಕ್ಕೆ ಬರುವ ಯೋಚನೆಯೂ ಇದೆ. ತಿಳಿದವರು ಹೇಳ್ರಿ.

ಮತ್ತಿಮರ:
ಏಪ್ರಿಲ್ ಮೊದಲ ವಾರ ಅಂದರೆ ಕಬಿನಿ. ಅಲ್ಲಿ ಹುಲಿ ಜಾಸ್ತಿ ಅಂತಲ್ಲ, ನೀರಿನ ಲೆಕ್ಕ.

ಬೀಚನಹಳ್ಳಿ ಅಣೆಕಟ್ಟೆಯ ಹಿನ್ನೀರು ಮಳೆಗಾಲದಲ್ಲಿ ಮರಗಳ ಬುಡದವರೆಗೂ ಬಂದು ನಿಂತಿರುತ್ತದೆ. ಫೆಬ್ರವರಿಯಿಂದ ಇಳಿಯುತ್ತಾ ಹೋಗುತ್ತದೆ. ನೀರು ಬಿಟ್ಟುಹೋದ ತೇವದ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಅದೇ ಹೊತ್ತಿಗೆ ಒಳಗಿನ ಕಾಡಿನ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ, ಸಣ್ಣ ಕೆರೆಗಳು ಬತ್ತಿರುತ್ತವೆ. ನಾಗರಹೊಳೆ, ಬಂಡೀಪುರ, ವಯನಾಡು ಮೂರೂ ಕಡೆಯ ಆನೆಗಳು ಈ ಬಯಲಿಗೆ ಇಳಿಯುವುದು ಇದಕ್ಕೇ. ಕಾಟಿ (ಕಾಡುಕೋಣ), ಜಿಂಕೆಗಳೂ ಅಷ್ಟೇ. ಆದ್ದರಿಂದ ದೋಣಿಗೆ ಖಂಡಿತ ಅರ್ಥ ಇದೆ, ಆದರೆ ಮಾರ್ಚ್‌ನಿಂದ ಮೇ ತನಕ ಮಾತ್ರ. ಆಗಸ್ಟ್‌ನಲ್ಲಿ ಅದೇ ದೋಣಿ ಹತ್ತಿದರೆ ನೀರುಕಾಗೆ ನೋಡಿಕೊಂಡು ವಾಪಸ್ ಬರಬೇಕಾದೀತು.

ಒಂದು ಎಚ್ಚರ. ಮುಂಗಾರಿಗೆ ಮುಂಚಿನ ಎರಡು ಮೂರು ಜೋರು ಮಳೆ ಬಿದ್ದರೆ ಆಟ ಕೆಡುತ್ತದೆ. ಒಳಗಿನ ಹಳ್ಳ ಕೆರೆಗಳಿಗೆ ನೀರು ಬಂದು ಹೊಸ ಚಿಗುರು ಹೊಡೆದ ವಾರದೊಳಗೆ ಆನೆಗಳು ಚದುರುತ್ತವೆ.

ನಿಮ್ಮ ಎರಡು ಸಫಾರಿಯಲ್ಲಿ ಒಂದು ಸಂಜೆ ದೋಣಿ, ಮರುದಿನ ಬೆಳಗ್ಗೆ ಗಾಡಿ. ದೋಣಿಯಲ್ಲಿ ಕುಲುಕಾಟ ಇಲ್ಲ, ಅಮ್ಮನಿಗೂ ಒಳ್ಳೆಯದು. ದೋಣಿ ರಾಜ್ಯ ಸರ್ಕಾರದ ರೆಸಾರ್ಟ್ ಸಂಸ್ಥೆ ಜಂಗಲ್ ಲಾಡ್ಜಸ್‌ನವರದ್ದು, ಕಾರಾಪುರದಿಂದ ಹೊರಡುತ್ತದೆ. ಅರಣ್ಯ ಇಲಾಖೆಯ ಗಾಡಿಗಳ ವ್ಯವಸ್ಥೆಯೇ ಬೇರೆ. ಎರಡನ್ನೂ ಒಂದೇ ಅಂದುಕೊಂಡು ತಪ್ಪು ಕೌಂಟರಿನಲ್ಲಿ ನಿಲ್ಲುವವರು ದಿನಾ ಸಿಗುತ್ತಾರೆ.

ಮುಂಗಡ ಕಟ್ಟುವ ಮೊದಲು ಸಫಾರಿ ನಡೆಯುತ್ತಿದೆಯಾ ಅಂತ ಇಲಾಖೆಯ ಪ್ರಕಟಣೆ ನೋಡಿ. 2025ರ ನವೆಂಬರ್‌ನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಯಿಂದ ಜನ ಸತ್ತ ಮೇಲೆ ಬಂಡೀಪುರ, ನಾಗರಹೊಳೆ (ಕಬಿನಿ ಸಫಾರಿ ಇದಕ್ಕೇ ಸೇರಿದ್ದು) ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು. ರೆಸಾರ್ಟಿನವರ ಮಾತೊಂದನ್ನೇ ನಂಬಿ ದುಡ್ಡು ಕಟ್ಟಬೇಡಿ.

ಹಿಂದಿನ_ಸೀಟು:
ಜೀಪೋ ಬಸ್ಸೋ ಅನ್ನುವುದಕ್ಕಿಂತ ಎಲ್ಲಿ ಕೂರುತ್ತೀರಿ ಅನ್ನುವುದು ಮುಖ್ಯ. ಸೊಂಟ ಹಿಡಿಯುವುದು ಹಿಂದಿನ ಚಕ್ರದ ಮೇಲೆ ಅಥವಾ ಅದರ ಹಿಂದೆ ಕೂತವರಿಗೆ. ಗುಂಡಿಗೆ ಚಕ್ರ ಇಳಿದಾಗ ಆ ಭಾಗ ಏತದ ಹಾಗೆ ಎತ್ತಿ ಕುಕ್ಕುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸಾಲಿನಲ್ಲಿ ಅರ್ಧದಷ್ಟೂ ಕುಲುಕುವುದಿಲ್ಲ. ಜೀಪಾದರೆ ಚಾಲಕನ ಬೆನ್ನಿಗೇ ಇರುವ ಮೊದಲ ಸಾಲು. ಹತ್ತುವಾಗಲೇ "ಅಮ್ಮನಿಗೆ ಸೊಂಟನೋವಿದೆ ಅಣ್ಣಾ, ಮುಂದಿನ ಸಾಲು ಕೊಡಿ" ಅಂದರೆ ಸಾಮಾನ್ಯವಾಗಿ ಕೊಡುತ್ತಾರೆ. ಗಾಡಿ ಹೊರಟ ಮೇಲೆ ಕೇಳಿದರೆ ಯಾರೂ ಏಳುವುದಿಲ್ಲ. ಸೊಂಟದ ಪಟ್ಟಿ ಇದ್ದರೆ ಕಟ್ಟಿಕೊಳ್ಳಲಿ, ಬೆನ್ನ ಹಿಂದೆ ಮಡಚಿದ ಶಾಲು ಇಟ್ಟುಕೊಳ್ಳಲಿ.

ಜೀಪಿನ ಮೆಟ್ಟಿಲು ಎತ್ತರ, ಅದೂ ನೆನಪಿರಲಿ. ಮಂಡಿ ಮಡಚಲು ಆಗದವರಿಗೆ ಬಸ್ಸೇ ವಾಸಿ. ಬಸ್ಸಿನ ತೊಂದರೆ ಅಂದರೆ ಸದ್ದು, ಕಡಿಮೆ ಹೊತ್ತು, ಮತ್ತು ಪ್ರಾಣಿ ಎಡಕ್ಕೆ ಕಂಡರೆ ಬಲಗಡೆಯವರೆಲ್ಲ ಎದ್ದು ನಿಲ್ಲುವುದು.

ಒಳಗೆ ಎಲ್ಲೂ ಇಳಿಯುವಂತಿಲ್ಲ. ಹೊರಡುವ ಮುಂಚೆ ಎರಡು ಲೋಟ ಕಾಫಿ ಬೇಡ, ಮಗನನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿಯೇ ಹತ್ತಿಸಿ. ಜೀಪಿಗೆ ಮಕ್ಕಳ ವಯಸ್ಸಿನ ಮಿತಿ ಇದೆಯಾ ಅಂತ ಬುಕಿಂಗ್ ಮಾಡುವಾಗಲೇ ಕೇಳಿ. ಏಪ್ರಿಲ್ ಆದ್ದರಿಂದ ಕೆಂಪು ಧೂಳು ಸಿಕ್ಕಾಪಟ್ಟೆ. ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿದರೆ ಸಾಕು.

ಕಡವೆಕೂಗು:
ಮಸಿನಗುಡಿ ಯೋಚನೆ ಬಿಡಿ. ಊಟಿ-ಗುಂಡ್ಲುಪೇಟೆ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಂದ್, 2009ರಿಂದಲೂ ಹಾಗೇ. ಮಸಿನಗುಡಿಯಿಂದ ತೆಪ್ಪಕಾಡಿಗೆ ಬಂದು ಚೆಕ್‌ಪೋಸ್ಟ್ ತೆರೆಯುವುದಕ್ಕೆ ಕಾಯಬೇಕು. ನೀವು ಕೌಂಟರ್ ಮುಟ್ಟುವಷ್ಟರಲ್ಲಿ ಮೊದಲ ಗಾಡಿಗಳು ಹೊರಟಿರುತ್ತವೆ. ಬಂಡೀಪುರವೇ ಆಗಬೇಕೆಂದರೆ ಗುಂಡ್ಲುಪೇಟೆ ಕಡೆ ಉಳಿಯಿರಿ. ಸಫಾರಿ ಕೇಂದ್ರ ಈಗ ಮೇಲುಕಾಮನಹಳ್ಳಿಯಲ್ಲಿದೆ, ಆ ದಿಕ್ಕಿನಿಂದ ಬಂದರೆ ಕಾಡಂಚಿನಲ್ಲೇ ಸಿಗುತ್ತದೆ. ಹಳೆಯ ಬರಹ ಓದಿಕೊಂಡು ಬಂಡೀಪುರ ಕ್ಯಾಂಪಸ್‌ವರೆಗೂ ಹೋಗಿ ತಿರುಗಿ ಬರಬೇಡಿ.

ಕಬಿನಿಗೂ ಇದೇ ಕಥೆ. ಅರಣ್ಯ ಇಲಾಖೆಯ ಗಾಡಿಗಳು ಹೊರಡುವ ದಮ್ಮನಕಟ್ಟೆ ಮೇಲೆ ಹಾದುಹೋಗುವ ಮೈಸೂರು-ಮಾನಂದವಾಡಿ ರಸ್ತೆಯನ್ನು ಸಂಜೆ 6ಕ್ಕೇ ಮುಚ್ಚುತ್ತಾರೆ, ಬೆಳಗ್ಗೆ 6ಕ್ಕೆ ತೆಗೆಯುತ್ತಾರೆ. ಕೇರಳದ ಕಡೆ ಕೋಣೆ ಅಗ್ಗ ಅಂತ ಅಲ್ಲಿ ಉಳಿದರೆ ಬೆಳಗಿನ ಸರದಿ ಕೈತಪ್ಪುತ್ತದೆ. ಅಂತರಸಂತೆ, ಕಾರಾಪುರದ ಆಸುಪಾಸಿನಲ್ಲೇ ಉಳಿಯಿರಿ.

ಧಾರವಾಡಪೇಡೆ:
ಭಾಳ ಉಪಕಾರ ಆಯ್ತು, ಮಸಿನಗುಡಿ ಕೈಬಿಟ್ಟೆ. ಇನ್ನೊಂದು ಮಾತು. ಚಾಲಕರು ಸುಮ್ಮನೆ ಗಾಡಿ ನಿಲ್ಲಿಸಿ ಕಾಯುತ್ತಾರಂತೆ. ಓಡಾಡಿದರೆ ಹೆಚ್ಚು ಕಾಣುವುದಿಲ್ವಾ?

ಕಡವೆಕೂಗು:
ಇಲ್ಲ. ಸದ್ದು ಮಾಡಿಕೊಂಡು ಓಡುವ ಗಾಡಿಗೆ ಕಾಣುವುದು ರಸ್ತೆ ಪಕ್ಕದ ಜಿಂಕೆ. ಹುಲಿ ಸಿಗುವುದು ಎಂಜಿನ್ ಆರಿಸಿದಾಗ, ಅದೂ ಮೊದಲು ಕಿವಿಗೆ.

ಚುಕ್ಕೆ ಜಿಂಕೆಯ ಕೂಗು ಚಿಕ್ಕದು, ಚೂಪು. ಅದು ನಾಯಿಗೂ ಕೂಗುತ್ತದೆ, ಸುಮ್ಮನೆ ಬೆದರಿಯೂ ಕೂಗುತ್ತದೆ, ಹಾಗಾಗಿ ಒಂದೆರಡು ಕೂಗಿಗೆ ಬೆಲೆ ಕೊಡಬೇಡಿ. ಹಿಂಡೆಲ್ಲ ಬಾಲ ಎತ್ತಿ, ಒಂದೇ ದಿಕ್ಕಿಗೆ ಮುಖ ಮಾಡಿ, ಮುಂಗಾಲು ನೆಲಕ್ಕೆ ಕುಟ್ಟುತ್ತಿದ್ದರೆ ಆ ದಿಕ್ಕು ನೋಡಿ. ಮುಸುವ ಮರದ ತುದಿಯಿಂದ ನೋಡಿ ಕೆಮ್ಮಿದಂತೆ ಕೂಗಿದರೆ ಅದಕ್ಕೆ ಕಂಡಿದೆ ಅಂತಲೇ. ಕಡವೆ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ತಗಡಿಗೆ ಬಡಿದ ಹಾಗೆ "ಢಾಂಕ್" ಅಂತ ಬಿಟ್ಟು ಬಿಟ್ಟು ಕೂಗುತ್ತಿದ್ದರೆ ಕದಲದೆ ಕೂರಿ. ಕೂಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತಿದ್ದರೆ ಹುಲಿ ನಡೆಯುತ್ತಿದೆ. ಜಾಣ ಚಾಲಕ ಅದು ರಸ್ತೆ ದಾಟುವ ಜಾಗ ಲೆಕ್ಕಹಾಕಿ ಮುಂದೆ ಹೋಗಿ ನಿಲ್ಲಿಸುತ್ತಾನೆ.

ಹೆಜ್ಜೆಗುರುತು ತೋರಿಸಿದರೆ ಒಂದು ಗಮನಿಸಿ: ಗುರುತು ಟೈರಿನ ಅಚ್ಚಿನ ಮೇಲಿದೆಯೋ, ಟೈರು ಗುರುತಿನ ಮೇಲೆ ಹಾದಿದೆಯೋ? ಅಚ್ಚಿನ ಮೇಲಿದ್ದರೆ ನಿಮಗಿಂತ ಮುಂಚಿನ ಗಾಡಿ ಹೋದ ಮೇಲೆ ನಡೆದದ್ದು, ಅಂದರೆ ಹೊಸತು. ಉಗುರಿನ ಗುರುತೂ ಮೂಡಿದ್ದರೆ ಅದು ಹುಲಿಯಲ್ಲ, ಸೀಳುನಾಯಿ ಇರಬಹುದು.

ಸಂಜೆ ಹೊರಬೀಳುವ ಹೊತ್ತು ಮೀರಿದರೆ ಏಟು ಬೀಳುವುದು ಚಾಲಕನಿಗೆ. "ಇನ್ನೈದು ನಿಮಿಷ" ಅಂತ ಪೀಡಿಸಬೇಡಿ.

ಲೆನ್ಸಪ್ಪ:
70-300 ಸಾಕು. ಆನೆಗೆ ಹೆಚ್ಚೇ ಆಯಿತು, ಹಕ್ಕಿಗೆ ಕಡಿಮೆ. ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುತ್ತಾರೆ, ರಸೀದಿ ಕೈಯಲ್ಲಿರಲಿ.

ಬೆಳಗ್ಗೆ ಮೊದಲ ಅರ್ಧ ಗಂಟೆ ಬೆಳಕೇ ಇರುವುದಿಲ್ಲ. ಐಎಸ್‌ಒ (ಸೆನ್ಸರ್ ಬೆಳಕು ಹಿಡಿಯುವ ಸೂಕ್ಷ್ಮತೆ) 1600ರಿಂದ 3200, ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ನಿಧಾನ ಬೇಡ. ದೋಣಿಯಲ್ಲಿ 1/1000, ಯಾಕೆಂದರೆ ದೋಣಿಯೂ ಅಲುಗುತ್ತದೆ, ಪ್ರಾಣಿಯೂ. ಟ್ರೈಪಾಡ್ ತರಬೇಡಿ, ಗಾಡಿಯಲ್ಲಿ ಬಿಡಿಸಲು ಜಾಗವಿಲ್ಲ. ದಪ್ಪ ಬಟ್ಟೆಯ ಚೀಲಕ್ಕೆ ಒಂದು ಕಿಲೋ ಅಕ್ಕಿ ಸಡಿಲವಾಗಿ ತುಂಬಿ ಬಾಯಿ ಹೊಲಿದು ಕಂಬಿಯ ಮೇಲಿಟ್ಟು ಲೆನ್ಸ್ ಊರಿ. ಗಟ್ಟಿಯಾಗಿ ತುಂಬಿದರೆ ಲೆನ್ಸ್ ಕೂರುವುದಿಲ್ಲ, ಜಾರುತ್ತದೆ. ಎಂಜಿನ್ ಆರಿಸದೆ ತೆಗೆದ ಚಿತ್ರ ಎಷ್ಟೇ ಊರಿಕೊಂಡರೂ ನಡುಗಿರುತ್ತದೆ.

ಒಳಗೆ ಲೆನ್ಸ್ ಬದಲಿಸಬೇಡಿ, ಧೂಳು ಸೆನ್ಸರ್ ಸೇರುತ್ತದೆ. ವಾಪಸ್ ಬಂದ ಮೇಲೆ ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ ಊದಿ, ಆಮೇಲೆ ಒರೆಸಿ. ನೇರ ಒರೆಸಿದರೆ ಆ ಕೆಂಪು ಮಣ್ಣೇ ಉಪ್ಪುಕಾಗದದ ಕೆಲಸ ಮಾಡುತ್ತದೆ. ಫೋನನ್ನೇ ಕ್ಯಾಮೆರಾ ಅಂತ ನೆಚ್ಚಿಕೊಳ್ಳಬೇಡಿ.

(ಕಬಿನಿಯ ಕಪ್ಪು ಚಿರತೆ ನೋಡಲೇಬೇಕು ಅಂತ ಹಠ ಹಿಡಿದವರು ಎದುರಿಗೆ ನಿಂತ ಕಾಟಿಯನ್ನೂ ನೋಡುವುದಿಲ್ಲ. ಎರಡು ಸಫಾರಿಗೆ ಆ ಆಸೆ ಬೇಡ.)

ಧಾರವಾಡಪೇಡೆ:
ಕೊನೇ ಪ್ರಶ್ನೆ. ಆನೆ ಗಾಡಿ ಕಡೆ ಓಡಿ ಬಂದರೆ? ಮಗ ಕಿರುಚಿಬಿಡುತ್ತಾನೆ ಅಂತ ಹೆದರಿಕೆ.

ಮತ್ತಿಮರ:
ಕಿವಿ ನಿಧಾನಕ್ಕೆ ಬೀಸಿಕೊಂಡು ಮೇಯುತ್ತಿದ್ದರೆ ಆರಾಮಾಗಿದೆ. ಮೇಯುವುದು ನಿಲ್ಲಿಸಿ, ಕಿವಿ ಅಗಲಿಸಿ, ತಲೆ ಎತ್ತಿ ನಿಮ್ಮತ್ತಲೇ ನೋಡಿದರೆ ಅದು ಮೊದಲ ಎಚ್ಚರಿಕೆ. ಸಾಮಾನ್ಯವಾಗಿ ನಾಲ್ಕು ಹೆಜ್ಜೆ ನುಗ್ಗಿ ಧೂಳೆಬ್ಬಿಸಿ ನಿಲ್ಲುತ್ತದೆ, ಹೆದರಿಸುವುದಷ್ಟೇ ಅದರ ಉದ್ದೇಶ. ಮರಿ ಇರುವ ಹಿಂಡು ರಸ್ತೆ ದಾಟುವಾಗ ಗಾಡಿ ನಡುವೆ ಸಿಕ್ಕಿಕೊಂಡರೆ ಮಾತು ಬೇರೆ. ಕಣ್ಣು-ಕಿವಿಯ ನಡುವೆ ಕಪ್ಪಗೆ ಸೋರಿದ ಗೆರೆ ಕಾಣುವ ಒಂಟಿ ಸಲಗಕ್ಕೆ ಮದ ಬಂದಿದೆ ಅಂತ. ಅದರ ಹತ್ತಿರ ಯಾವ ಚಾಲಕನೂ ನಿಲ್ಲಿಸುವುದಿಲ್ಲ.

ಎದ್ದು ನಿಲ್ಲಬೇಡಿ, ಫ್ಲ್ಯಾಶ್ ಹಾಕಬೇಡಿ, ಗಾಡಿ ಹಿಂದೆ ತೆಗೆಯುವುದನ್ನು ಚಾಲಕನಿಗೇ ಬಿಡಿ. ಮಗನನ್ನು ಅಂಚಿನ ಸೀಟಿನಲ್ಲಿ ಬೇಡ, ಇಬ್ಬರ ನಡುವೆ ಕೂರಿಸಿ. ದುರ್ಬೀನು ಅವನ ಕೈಗೇ ಕೊಡಿ, 8x42 ಅಂತ ಬರೆದಿರುವುದು, ಅಂದರೆ 8 ಪಟ್ಟು ದೊಡ್ಡದಾಗಿ ತೋರಿಸುವುದು. 10ರದ್ದು ಆ ಕುಲುಕಾಟದಲ್ಲಿ ಮಕ್ಕಳ ಕೈಗೆ ನಿಲ್ಲುವುದಿಲ್ಲ.