ಗ್ರೇಟ್ ಜಿಂಬಾಬ್ವೆ: ಆ ಗೋಡೆ ಕಟ್ಟಿದವರು ಯಾರು? ಪುರಾತತ್ವ ತಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಜೊಹಾನ್ಸ್‌ಬರ್ಗ್‌ನ ಸದಸ್ಯರು): ನಮಸ್ಕಾರ ಮೇಡಂ. ಅಪ್ಪ ಅಮ್ಮ ಜುಲೈನಲ್ಲಿ ದಾವಣಗೆರೆಯಿಂದ ಬರ್ತಿದ್ದಾರೆ. ಕಾರಲ್ಲೇ ವಿಕ್ಟೋರಿಯಾ ಜಲಪಾತಕ್ಕೆ ಹೋಗೋಣ ಅಂತಿದ್ದೇವೆ. ಸ್ವಲ್ಪ ಸುತ್ತಿದರೆ ಗ್ರೇಟ್ ಜಿಂಬಾಬ್ವೆ ಅನ್ನೋ ಹಳೇ ಕಲ್ಲಿನ ಊರು ಸಿಗುತ್ತಂತೆ. 'ಬರೀ ಗೋಡೆ, ಅರ್ಧ ಗಂಟೆ ಸಾಕು' ಅಂತಾರೆ ಆಫೀಸಿನವರು. ಸುತ್ತಿ ಹೋಗೋದು ಸಾರ್ಥಕವಾ? ಅಮ್ಮನಿಗೆ ಮಂಡಿ ನೋವು ಬೇರೆ.

ಉತ್ತರ: ಖಂಡಿತ ಹೋಗಿ. ಅರ್ಧ ಗಂಟೆ ಅಲ್ಲ, ಒಂದು ಇಡೀ ದಿನ ಇಟ್ಟುಕೊಳ್ಳಿ. ಜಲಪಾತದಷ್ಟೇ ಮುಖ್ಯ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಬೈಟ್‌ಬ್ರಿಜ್‌ನಲ್ಲಿ ಜಿಂಬಾಬ್ವೆ ಗಡಿ ದಾಟಿ ನೇರವಾಗಿ ಬುಲವಾಯೊ ನಗರಕ್ಕೆ ಹೋಗುವ ಬದಲು ಮಸ್ವಿಂಗೊ ಮೇಲೆ ಹೋದರೆ ಸುಮಾರು 250ರಿಂದ 300 ಕಿ.ಮೀ. ಜಾಸ್ತಿ ಆಗುತ್ತದೆ. ಮಸ್ವಿಂಗೊ ಪಟ್ಟಣದಿಂದ ಆ ಜಾಗ 30 ಕಿ.ಮೀ. ಒಳಗೇ ಇದೆ. ಬಾಡಿಗೆ ಕಾರಾದರೆ ಗಡಿ ದಾಟಲು ಕಂಪನಿಯ ಅನುಮತಿ ಪತ್ರ ಮೊದಲೇ ಮಾಡಿಸಿಕೊಳ್ಳಿ. ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ. ದನ, ಕತ್ತೆಗಳು ರಸ್ತೆಯಲ್ಲೇ ನಿಂತಿರುತ್ತವೆ. ಅಮೆರಿಕದ ಡಾಲರ್ ನಡೆಯುತ್ತದೆ, ಆದರೆ ಚಿಲ್ಲರೆ ನೋಟು ಇರಲಿ.

ಜುಲೈ ಒಳ್ಳೆಯ ಕಾಲ. ಮಳೆ ಇರುವುದಿಲ್ಲ, ಬೆಳಗ್ಗೆ ಮಾತ್ರ ಸ್ವೆಟರ್ ಬೇಕಾಗುವಷ್ಟು ಚಳಿ. ನೋಡುವುದಕ್ಕೆ ಮೂರು ಭಾಗ ಇವೆ: ಗುಡ್ಡದ ಮೇಲಿನ ಕಟ್ಟಡಗಳು, ಕೆಳಗೆ ದೊಡ್ಡ ಆವರಣ, ನಡುವೆ ಕಣಿವೆಯ ಮನೆಗಳ ಅವಶೇಷ. ಗುಡ್ಡ ಸುಮಾರು 80 ಮೀಟರ್ ಎತ್ತರ. ಬಂಡೆಗಳ ಸಂದಿಯಲ್ಲಿ ಹತ್ತುವ ಹಳೇ ದಾರಿ ಕಡಿದು. ಅದು ಅಮ್ಮನಿಗೆ ಬೇಡ. ದೊಡ್ಡ ಆವರಣ ಸಮತಟ್ಟಾದ ಜಾಗದಲ್ಲಿದೆ, ಅವರು ನಿಧಾನವಾಗಿ ನೋಡಬಹುದು. ನೀವು ಅಪ್ಪನ ಜೊತೆ ಬೆಳಗ್ಗೆ ಬೇಗ ಗುಡ್ಡ ಹತ್ತಿ ಬಂದುಬಿಡಿ.

ದೊಡ್ಡ ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರ್. ಎತ್ತರ ಕೆಲವು ಕಡೆ 11 ಮೀಟರ್. ಸುಣ್ಣ ಇಲ್ಲ, ಗಾರೆ ಇಲ್ಲ. ಗೋಡೆಯ ಹತ್ತಿರ ನಿಂತು ಒಂದೊಂದೇ ವರಸೆ ನೋಡಿ. ಪ್ರತಿ ವರಸೆಯನ್ನೂ ಕೆಳಗಿನದಕ್ಕಿಂತ ಒಂದು ಚೂರು ಒಳಕ್ಕೆ ಸರಿಸಿ ಇಟ್ಟಿದ್ದಾರೆ. ಹಾಗಾಗಿ ಗೋಡೆ ಮೇಲೆ ಹೋದಂತೆ ಸ್ವಲ್ಪ ಹಿಂದಕ್ಕೆ ವಾಲುತ್ತದೆ. ಎಲ್ಲೂ ಮೂಲೆ ಅನ್ನುವುದೇ ಇಲ್ಲ, ಬಾಗಿಲ ಅಂಚು ಕೂಡ ದುಂಡಗೆ ತಿರುಗುತ್ತದೆ. ಒಳಗೆ ಎರಡು ಗೋಡೆಗಳ ನಡುವೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲದ ಓಣಿ ಇದೆ. ಅದರಲ್ಲಿ ನಡೆದು ಹೋಗಿ, ದುಂಡನೆಯ ಗೋಪುರ ಎದುರಾಗುತ್ತದೆ.

ಪ್ರಶ್ನೆ (ಅದೇ ಸದಸ್ಯರು): ತುಂಬಾ ಥ್ಯಾಂಕ್ಸ್ ಮೇಡಂ. ಇನ್ನೊಂದು. ಒಂದು ವಿಡಿಯೋದಲ್ಲಿ ಇದನ್ನು ಬೈಬಲ್ ಕಥೆಯ ಶೀಬಾ ರಾಣಿಯೋ ಅರಬ್ಬರೋ ಕಟ್ಟಿಸಿದ್ದು ಅಂದರು. ನಿಜವಾ?

ಉತ್ತರ: ಸುಳ್ಳು. ಕಟ್ಟಿದವರು ಇವತ್ತಿನ ಶೋನಾ ಜನರ ಪೂರ್ವಿಕರು, 11ರಿಂದ 15ನೇ ಶತಮಾನದ ನಡುವೆ. ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಬೇಸರ ಮಾಡ್ಕೋಬೇಡಿ. ಈ ಸುಳ್ಳಿನಿಂದ ಆ ಜಾಗಕ್ಕೆ ಆದ ನಷ್ಟ ನನಗೆ ಈಗಲೂ ಹೊಟ್ಟೆ ಉರಿಸುತ್ತದೆ.

1871ರಲ್ಲಿ ಕಾರ್ಲ್ ಮೌಖ್ ಎಂಬ ಜರ್ಮನ್ ಅಲ್ಲಿಗೆ ಬಂದ. ಬಾಗಿಲ ಮೇಲಿನ ಅಡ್ಡ ತೊಲೆಯಿಂದ ಒಂದು ಚೂರು ಮರ ಕೆತ್ತಿಕೊಂಡ. ಅದು ತನ್ನ ಪೆನ್ಸಿಲ್‌ನ ಮರದ ಹಾಗೇ ಇದೆ, ವಾಸನೆಯೂ ಅದೇ ಅನ್ನಿಸಿತು. ಪೆನ್ಸಿಲ್ ದೇವದಾರು ಜಾತಿಯ ಮರದ್ದು, ಹಾಗಾದರೆ ಇದು ಲೆಬನಾನಿನಿಂದ ಬಂದದ್ದು, ಹಾಗಾದರೆ ಇದು ಶೀಬಾ ರಾಣಿಯ ಅರಮನೆ. ಅವನ ತರ್ಕ ಅಷ್ಟೇ! ಆ ಮರ ಅಲ್ಲೇ ಸುತ್ತಮುತ್ತ ಬೆಳೆಯುವ ಟಾಂಬೂಟಿ.

ನೆಲ ಹಿಡಿಯಲು ಬಂದ ಬಿಳಿಯರಿಗೆ ಈ ಕಥೆ ಬೇಕಾಗಿತ್ತು. ಇಂಥದ್ದನ್ನು ಕಟ್ಟಲು ಇಲ್ಲಿನವರಿಗೆ ಬರುವುದಿಲ್ಲ ಅಂದುಬಿಟ್ಟರೆ, ನೆಲ ಕಿತ್ತುಕೊಳ್ಳುವುದೂ ಸುಲಭ ಅಲ್ವಾ? 1895ರಲ್ಲಿ ಆ ಸೀಮೆಯ ಹಳೇ ಕಟ್ಟಡಗಳಲ್ಲಿ ಚಿನ್ನ ಅಗೆಯುವುದಕ್ಕೇ ಒಂದು ಕಂಪನಿ ಹುಟ್ಟಿತು. 1902ರಿಂದ 1904ರವರೆಗೆ ರಿಚರ್ಡ್ ಹಾಲ್ ಎಂಬಾತ ಗ್ರೇಟ್ ಜಿಂಬಾಬ್ವೆಯನ್ನು 'ಸ್ವಚ್ಛ' ಮಾಡಿಸಿದ. ಅವನು ಕಸ ಅಂತ ಎತ್ತಿ ಹಾಕಿಸಿದ್ದು ಜನ ಬಾಳಿದ ಮನೆಗಳ ಮಣ್ಣಿನ ನೆಲ, ಒಲೆಯ ಬೂದಿ, ಮಡಕೆ ಚೂರು. ಮೇಲಿನಿಂದ ಕೆಳಗಿನವರೆಗೆ ಪದರ ಪದರವಾಗಿ ಉಳಿದಿದ್ದ ದಾಖಲೆ ಅದು. ಒಮ್ಮೆ ಕಲಸಿಹೋದ ಮೇಲೆ ಯಾರಿಂದಲೂ ಮತ್ತೆ ಜೋಡಿಸಲು ಆಗುವುದಿಲ್ಲ.

1905ರಲ್ಲಿ ಪುರಾತತ್ವ ತಜ್ಞ ರ್‍ಯಾಂಡಲ್ ಮೆಕೈವರ್ ಉಳಿದ ಕಡೆ ಅಗೆದು, ಇದು ಆಫ್ರಿಕನ್ನರದ್ದೇ ಕೆಲಸ ಎಂದರು. ನಂಬದವರು ನಂಬಲಿಲ್ಲ. 1929ರಲ್ಲಿ ಪುರಾತತ್ವ ತಜ್ಞೆ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಬಂದರು. ಅವರ ತಂಡದ ಮುಖ್ಯ ಕೆಲಸದವರೆಲ್ಲ ಹೆಂಗಸರು. ದುಂಡು ಗೋಪುರದ ಬುಡದಲ್ಲೇ ಸುರಂಗ ತೋಡಿ ನೋಡಿದರು. ಅವರು ಮುಟ್ಟಿದ ತೀರ್ಮಾನವೂ ಅದೇ. ಆಮೇಲೂ ರೊಡೇಷಿಯಾದ (ಆಗ ದೇಶದ ಹೆಸರು ಅದು) ಬಿಳಿಯರ ಸರ್ಕಾರ ಈ ಮಾತನ್ನು ಅದುಮಿಡಲು ನೋಡಿತು. ಸ್ಮಾರಕಗಳ ಅಧಿಕಾರಿಯಾಗಿದ್ದ ಪೀಟರ್ ಗಾರ್ಲೇಕ್ 1970ರಲ್ಲಿ ದೇಶವನ್ನೇ ಬಿಟ್ಟರು. 1980ರಲ್ಲಿ ಸ್ವಾತಂತ್ರ್ಯ ಬಂದಾಗ ದೇಶಕ್ಕೆ ಈ ಊರಿನ ಹೆಸರನ್ನೇ ಇಟ್ಟರು. ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಪ್ರಶ್ನೆ (ಸಾಗರದ ನಿವೃತ್ತ ಶಿಕ್ಷಕರು): ನೋಡಮ್ಮ, ಒಂದು ಸಂಶಯ. ಅಲ್ಲಿ ಒಂದು ಶಾಸನವೂ ಇಲ್ಲ, ಲಿಪಿಯೂ ಇಲ್ಲ ಅಂತಾರೆ. ನಮ್ಮಲ್ಲಾದರೆ ಊರಿಗೊಂದು ಶಾಸನ ಸಿಗುತ್ತದೆ. ಬರಹ ಇಲ್ಲದೆ ಇಷ್ಟು ಗಟ್ಟಿಯಾಗಿ ಹೇಗೆ ಹೇಳುತ್ತೀಯ?

ಉತ್ತರ: ಸರಿಯಾದ ಪ್ರಶ್ನೆ ಮೇಷ್ಟ್ರೇ. ಬರಹ ಇಲ್ಲದ ಕಡೆ ನಾವು ಮಣ್ಣನ್ನೇ ಓದಬೇಕು. ಹಾಲ್ ಕೈ ಹಾಕದೆ ಉಳಿದ ಕಡೆ, ಗೋಡೆಯ ಕೆಳಗಿನ ಪದರದಲ್ಲೂ ಗೋಡೆಗೆ ತಾಗಿದ ಪದರದಲ್ಲೂ ಸಿಗುವುದು ಸ್ಥಳೀಯ ಮಡಕೆಗಳೇ. ಆವರಣದ ಒಳಗಿದ್ದ ಮನೆಗಳು ಮಣ್ಣಿನವು, ಹುಲ್ಲಿನ ಸೂರಿನವು. ಶೋನಾ ಹಳ್ಳಿಗಳಲ್ಲಿ ಮೊನ್ನೆಮೊನ್ನೆಯವರೆಗೂ ಕಟ್ಟುತ್ತಿದ್ದ ರೀತಿಯೇ ಅದು. ಕಾರ್ಬನ್ ಪರೀಕ್ಷೆಯೂ ಅದೇ ಕಾಲ ಹೇಳುತ್ತದೆ. ಇದೇ ಬಗೆಯ ಗೋಡೆಗಳಿರುವ ಚಿಕ್ಕಪುಟ್ಟ ಜಾಗಗಳು ಆ ಭಾಗದಲ್ಲಿ ನೂರಾರು ಇವೆ.

ಹೊರಗಿನ ವಸ್ತುಗಳೂ ಸಿಕ್ಕಿವೆ. ಚೀನಾದ ಹಸಿರು ಪಿಂಗಾಣಿ, ಪರ್ಷಿಯಾದ ಬಟ್ಟಲಿನ ಚೂರು, ಪೂರ್ವ ಆಫ್ರಿಕಾದ ಕಿಲ್ವಾ ಬಂದರಿನ ಒಂದು ನಾಣ್ಯ, ನಮ್ಮ ಭಾರತದ ಗಾಜಿನ ಮಣಿಗಳು. ಚಿನ್ನ, ದಂತ ಕರಾವಳಿಯ ಸೋಫಾಲಾ ಬಂದರಿಗೆ ಹೋಗುತ್ತಿತ್ತು, ಈ ಮಾಲು ಒಳಕ್ಕೆ ಬರುತ್ತಿತ್ತು. ಇದು ವ್ಯಾಪಾರದ ಗುರುತು. ಚೀನಾದ ಬಟ್ಟಲು ಸಿಕ್ಕಿತು ಅಂತ ಚೀನಿಯರು ಮನೆ ಕಟ್ಟಿದರು ಅನ್ನಲಾಗದು.

ಪ್ರಶ್ನೆ (ಹೊಸಪೇಟೆಯ ಸದಸ್ಯೆ): ಅಕ್ಕಾ, ಫೋಟೋ ನೋಡಿದರೆ ನಮ್ಮ ಹಂಪಿ ಗುಡ್ಡಗಳ ಹಾಗೇ ಇದೆ! ಎರಡೂ ಒಂದೇ ಕಾಲದ್ದಾ?

ಉತ್ತರ: ಸ್ವಲ್ಪ ಕಾಲ ಎರಡೂ ಒಟ್ಟಿಗೆ ಇದ್ದವು. 1336ರಲ್ಲಿ ವಿಜಯನಗರ ಶುರುವಾದಾಗ ಗ್ರೇಟ್ ಜಿಂಬಾಬ್ವೆ ತುಂಬಿ ತುಳುಕುತ್ತಿತ್ತು. ಕೃಷ್ಣದೇವರಾಯನ ಹೊತ್ತಿಗೆ ಅದು ಹೆಚ್ಚುಕಮ್ಮಿ ಖಾಲಿಯಾಗಿ, ಅಧಿಕಾರ ಉತ್ತರದ ಮುಟಾಪಾ ರಾಜ್ಯಕ್ಕೂ ಪಶ್ಚಿಮದ ಖಾಮಿ ಎಂಬ ಊರಿಗೂ ಹೋಗಿತ್ತು.

ಕಲ್ಲು ಎರಡು ಕಡೆಯೂ ಗ್ರಾನೈಟ್. ಆದರೆ ಕೆಲಸ ಬೇರೆ. ಹಂಪಿಯಲ್ಲಿ ಉಳಿಯಿಂದ ಕುಳಿ ಹೊಡೆದು ದೊಡ್ಡ ದಿಮ್ಮಿಗಳನ್ನೇ ಸೀಳಿದ್ದಾರೆ. ಗ್ರೇಟ್ ಜಿಂಬಾಬ್ವೆ ಕಡೆ ಹಗಲ ಬಿಸಿಲು, ರಾತ್ರಿ ಚಳಿಗೆ ಬಂಡೆಯ ಮೇಲ್ಪದರ ತಾನಾಗಿಯೇ ಚಪ್ಪಡಿಯಾಗಿ ಬಿಟ್ಟುಕೊಳ್ಳುತ್ತದೆ. ಬೆಂಕಿ ಹಾಕಿ ನೀರು ಹೊಯ್ದರೆ ಇನ್ನೂ ಬೇಗ ಏಳುತ್ತದೆ. ನಮ್ಮ ಕಡೆ ಚಪ್ಪಡಿ ಎಬ್ಬಿಸುವವರಿಗೂ ಬೆಂಕಿಯ ಈ ಉಪಾಯ ಗೊತ್ತು. ಚಪ್ಪಡಿ ಒಂದೇ ದಪ್ಪ ಇರುವುದರಿಂದ ಒಡೆದ ತುಂಡುಗಳೂ ಸಮ. ಒಬ್ಬರು ಎತ್ತಿ ಇಡುವಷ್ಟು ಗಾತ್ರ.

ಇನ್ನೊಂದು ಹೇಳಬೇಕು. ಅಲ್ಲಿನ ಹಕ್ಕಿ ಶಿಲ್ಪಗಳು ಬಳಪದ ಕಲ್ಲಿನವು. ಬೇಲೂರು, ಹಳೇಬೀಡಿನ ಶಿಲ್ಪಗಳಿಗೆ ನಾವು ಹೇಳುವುದೂ ಬಳಪದ ಕಲ್ಲು ಅಂತಲೇ. 1889ರಲ್ಲಿ ವಿಲ್ಲಿ ಪೊಸ್ಸೆಲ್ಟ್ ಎಂಬ ಬೇಟೆಗಾರ ಒಂದು ಹಕ್ಕಿಯನ್ನು ಕಂಬದಿಂದ ಕಡಿದು ಒಯ್ದ. ಅದನ್ನು ಆ ಸೀಮೆಯನ್ನು ಬ್ರಿಟಿಷರ ವಸಾಹತು ಮಾಡಿಸಿದ ಸೆಸಿಲ್ ರೋಡ್ಸ್ ಕೊಂಡು ಕೇಪ್ ಟೌನಿನ ತನ್ನ ಮನೆಯಲ್ಲಿ ಇಟ್ಟುಕೊಂಡ. ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದ ಬೇರೆ ಹಕ್ಕಿಗಳು 1981ರಲ್ಲಿ ವಾಪಸ್ ಬಂದವು. ಅದಕ್ಕೆ ಬದಲಾಗಿ ಜಿಂಬಾಬ್ವೆ ಒಂದು ಕೀಟ ಸಂಗ್ರಹವನ್ನೇ ಕೊಡಬೇಕಾಯಿತು. ತಮ್ಮದೇ ಹಕ್ಕಿಗೆ ಬೆಲೆ ಕಟ್ಟಿ ತಂದುಕೊಂಡರು. ದೇಶದ ಬಾವುಟದಲ್ಲಿ ಇರುವುದೂ ಇದೇ ಹಕ್ಕಿ.

ಪ್ರಶ್ನೆ (ಜೊಹಾನ್ಸ್‌ಬರ್ಗ್‌ನ ಸದಸ್ಯರು): ಮೇಡಂ, ಹೋಗೋದು ಗ್ಯಾರಂಟಿ ಆಯ್ತು. ನಾವು ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡೋದು? ಅಲ್ಲಿಂದ ಮುಂದೆ ಯಾವ ದಾರಿ?

ಉತ್ತರ: ಸಾಡ್ಜಾ ಕೇಳಿ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅದು. ಜೊತೆಗೆ ಸೊಪ್ಪಿನ ಪಲ್ಯ, ಹುರುಳಿಕಾಯಿ ಜಾತಿಯ ಕಾಳು ಸಿಗುತ್ತದೆ. ಮಾಂಸದ ಸಾರು ಹಾಕಬೇಡಿ ಅಂತ ಮೊದಲೇ ಹೇಳಿ. ಚಟ್ನಿಪುಡಿ, ಉಪ್ಪಿನಕಾಯಿ ಕಾರಲ್ಲಿ ಇದ್ದರೆ ಅಪ್ಪ ಅಮ್ಮನಿಗೆ ಅನುಕೂಲ.

ಗೇಟಿನಲ್ಲಿ ಸ್ಥಳೀಯ ಗೈಡ್ ತಗೊಳ್ಳಿ, ಉಳಿಸೋಕೆ ಹೋಗಬೇಡಿ. ಮ್ಯೂಸಿಯಂನಲ್ಲಿ ಹಕ್ಕಿಗಳನ್ನು ನೋಡದೆ ಬರಬೇಡಿ. ಮಾರನೇ ದಿನ ಜ್ವಿಶವಾನೆ ಮೇಲೆ ಬುಲವಾಯೊಗೆ ಸುಮಾರು 280 ಕಿ.ಮೀ. ಅಲ್ಲಿಂದ ಪಶ್ಚಿಮಕ್ಕೆ 20 ಕಿ.ಮೀ. ಚಿಲ್ಲರೆ ಹೋದರೆ ಖಾಮಿ. ಗ್ರೇಟ್ ಜಿಂಬಾಬ್ವೆಯ ನಂತರದವರು ಅಲ್ಲಿ ಗೋಡೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ, ಮೇಲೆ ಮನೆ ಮಾಡಿಕೊಂಡಿದ್ದರು. ಗೋಡೆಯಲ್ಲಿ ಚೌಕಳಿ ವಿನ್ಯಾಸವನ್ನೂ ತಂದರು. ಎರಡನ್ನೂ ಇದೇ ಕ್ರಮದಲ್ಲಿ ನೋಡಿದರೆ ಆ ವಿದ್ಯೆ ಹೇಗೆ ಬೆಳೆಯಿತು ಅಂತ ಕಣ್ಣಿಗೇ ಕಾಣುತ್ತದೆ. ಜಲಪಾತ ಬುಲವಾಯೊದಿಂದ ಸುಮಾರು 440 ಕಿ.ಮೀ. ಜಾಂಬೆಜಿ ಕಣಿವೆಯಲ್ಲಿ ಮಲೇರಿಯಾ ಇದೆ, ಹೊರಡುವ ಮೊದಲು ಡಾಕ್ಟರ್ ಹತ್ತಿರ ಮಾತ್ರೆ ಬರೆಸಿಕೊಳ್ಳಿ.