ಸತ್ತ ಪ್ಲೇಟ್ ಹವಳದ ಮೇಲೆ ಕಂದು ಚುಕ್ಕೆ: ಮರಿಯೋ, ಕಳೆಯೋ?

ಕಾಳಿದಂಡೆ (ಕಾರವಾರ), ಅಕ್ಟೋಬರ್ 4

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಕೊಳ್ಬೇಡಿ.

ನಂದು 3 ಅಡಿ ಉಪ್ಪುನೀರಿನ ಟ್ಯಾಂಕ್, ಸಂಪ್ (ಟ್ಯಾಂಕಿಗೆ ಜೋಡಿಸಿದ ಇನ್ನೊಂದು ತೊಟ್ಟಿ) ಸೇರಿ ಸುಮಾರು 200 ಲೀಟರ್ ನೀರು. ಎರಡು ಕ್ಲೌನ್ ಮೀನು, ಒಂದಿಷ್ಟು ಮೆತ್ತನೆಯ ಹವಳ, ನಾಲ್ಕು ಸನ್ಯಾಸಿ ಏಡಿ ಇವೆ. ಒಂದು ಪ್ಲೇಟ್ ಕೋರಲ್ ಇತ್ತು. ಅಂಗೈ ಅಗಲ, ಹಸಿರು ಬಣ್ಣ, ಬಾಯಿಯ ಸುತ್ತ ನೇರಳೆ. ಎರಡು ವರ್ಷ ಚೆನ್ನಾಗೇ ಇತ್ತು.

ಜುಲೈ ಎರಡನೇ ವಾರ ಅಂಚಿನಿಂದ ಚರ್ಮ ಬಿಡ್ಲಿಕ್ಕೆ ಶುರುವಾಯ್ತು. ತಿಂಗಳ ಕೊನೆಗೆ ಬರೀ ಬಿಳಿ ಎಲುಬುಗೂಡು. ಅಮ್ಮ "ಬಿಳಿ ಅಣಬೆ ಚೆಂದ ಉಂಟು, ತೊಳೆದು ಒಣಗಿಸಿ ಕೊಡು, ಷೋಕೇಸಲ್ಲಿ ಇಡುವಾ" ಅಂದ್ರು. ಮನಸ್ಸು ಬರ್ಲಿಲ್ಲ. ಟ್ಯಾಂಕಿನ ಮೂಲೆಯಲ್ಲೇ ಬಿಟ್ಟೆ. ಪಾಚಿ ಹಿಡಿದು ಹಸಿರಾಗಿತ್ತು.

ಮೊನ್ನೆ ಗಾಂಧಿ ಜಯಂತಿ ರಜೆಗೆ ಗಾಜು ಉಜ್ಜುವಾಗ ನೋಡ್ತೇನೆ, ಅದರ ಮೇಲೆ ಏಳೆಂಟು ಕಂದು ಚುಕ್ಕೆ. ಹೆಚ್ಚಿನವು ಸಾಸಿವೆ ಗಾತ್ರ, ಎರಡು ಮಾತ್ರ ಉದ್ದಿನಕಾಳಿನಷ್ಟು. ಪಾಚಿಯೋ, ಹವಳದ ಮರಿಯೋ, ಐಪ್ಟೇಸಿಯಾ ಕಳೆಯೋ (ಟ್ಯಾಂಕಲ್ಲಿ ಕಳೆಯ ಹಾಗೆ ಹಬ್ಬುವ ಸಣ್ಣ ಸೀ ಅನಿಮೋನ್) ಗೊತ್ತಾಗ್ತಿಲ್ಲ. ಹಳೇ ಟೂತ್‌ಬ್ರಶ್ ಕೈಯಲ್ಲಿ ಹಿಡ್ಕೊಂಡೇ ಇದನ್ನ ಬರೀತಿದ್ದೇನೆ. ಉಜ್ಜಿ ತೆಗೀಲಾ?

ಇವತ್ತಿನ ಟೆಸ್ಟ್: ಉಷ್ಣತೆ 27 ಡಿಗ್ರಿ, ಆಲ್ಕಲಿನಿಟಿ (ಕ್ಷಾರತೆ) 5.9 ಡಿಕೆಎಚ್ (ಅದನ್ನ ಅಳೆಯುವ ಮಾನ), ಕ್ಯಾಲ್ಸಿಯಂ 330, ಮೆಗ್ನೀಸಿಯಂ 1030, ನೈಟ್ರೇಟ್ 10, ಈ ಮೂರೂ ಲೀಟರಿಗೆ ಮಿಲಿಗ್ರಾಂ ಲೆಕ್ಕ. ಉಪ್ಪು 1.025 (ಸಿಹಿನೀರಿಗೆ ಹೋಲಿಸಿದ ಸಾಂದ್ರತೆ), ಮುಳ್ಳಿನ ಹೈಡ್ರೋಮೀಟರಲ್ಲಿ ನೋಡಿದ್ದು. ನೀರು ಸಮುದ್ರದ್ದೇ. ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷ, ಉಪ್ಪಿಗೆ ದುಡ್ಡು ಹಾಕುವುದು ಯಾಕೆ ಅಂತ.

ಅಲೆಮನೆ (ಶಿರಸಿ), ಅಕ್ಟೋಬರ್ 4

ತಮಾ, ಮೊದಲು ಆ ಬ್ರಶ್ ಕೆಳಗಿಡು. ಉಳಿದದ್ದು ಆಮೇಲೆ ಮಾತಾಡುವಾ.

ಅಲೆಮನೆ (ಶಿರಸಿ), ಅಕ್ಟೋಬರ್ 4

ಊಟ ಮುಗಿಸಿ ಬಂದೆ. ಈಗ ವಿಷಯ.

ಅಮ್ಮ ಅಣಬೆ ಅಂದದ್ದು ಸರಿಯೇ. ಪ್ಲೇಟ್ ಕೋರಲ್‌ಗೆ ಫಂಜಿಯಾ ಅನ್ನುವ ಶಾಸ್ತ್ರದ ಹೆಸರು ಬಂದದ್ದೂ ಅಣಬೆಯಿಂದಲೇ. ಅಣಬೆಯ ಕೊಡೆಯನ್ನ ಮಗುಚಿಟ್ಟರೆ ಸಾಲು ಸಾಲು ಪದರ ಕಾಣ್ತದಲ್ಲ, ನಿನ್ನ ಹವಳದ ಎಲುಬೂ ಹಾಗೇ, ನಡುವಿನ ಬಾಯಿಯಿಂದ ಅಂಚಿನವರೆಗೆ ತೆಳು ಹಲಗೆಗಳ ಸಾಲು. ಆ ಹಲಗೆಗಳ ನಡುವಿನ ಸಂದಿ ನಾವು ಅಂದುಕೊಂಡದ್ದಕ್ಕಿಂತ ಆಳ. ಮೇಲಿನ ಚರ್ಮ ಎಲ್ಲ ಹೋಗಿ ಹಾಲಿನಂತೆ ಬೆಳ್ಳಗೆ ಕಂಡರೂ ಸಂದಿಯ ತಳದಲ್ಲಿ ಚೂರುಪಾರು ಜೀವದ ಪದರ ಉಳಿದಿರ್ತದೆ, ಬರಿಗಣ್ಣಿಗೆ ಕಾಣೂದಿಲ್ಲ. ತಿಂಗಳುಗಟ್ಟಲೆ ಹಾಗೇ ಇದ್ದು, ನೀರು ಸರಿಹೋದ ಮೇಲೆ ಅಲ್ಲಿಂದಲೇ ಮರಿ ಏಳ್ತದೆ.

ಈ ಜಾತಿಗೆ ಅದು ಹೊಸ ವಿದ್ಯೆಯೂ ಅಲ್ಲ. ದೊಡ್ಡದಾದ ಮೇಲೆ ಮರಳಿನ ಮೇಲೆ ಬಿಡುಬೀಸಾಗಿ ಇರ್ತದೆ ಹೊರತು, ಸಣ್ಣಕ್ಕಿರುವಾಗ ಕಲ್ಲಿಗೆ ಅಂಟಿದ ಒಂದು ದಂಟು. ದಂಟಿನ ತುದಿಯಲ್ಲಿ ತಟ್ಟೆ ಬೆಳೆದು, ಭಾರವಾದಾಗ ಕುತ್ತಿಗೆ ಮುರಿದು ಬೀಳ್ತದೆ. ಉಳಿದ ದಂಟು ಇನ್ನೊಂದು ತಟ್ಟೆ ಬಿಟ್ಟರೂ ಬಿಟ್ಟೀತು. ನಮ್ಮ ತೋಟದ ಬಾಳೆ ನೋಡು, ಗೊನೆ ಕಡಿದ ಮೇಲೆ ಬುಡದಿಂದ ಕಂದು ಏಳುದಿಲ್ವಾ? ನಿಂಗೆ ಕಂಡದ್ದು ಕಂದು ಚುಕ್ಕೆ ಅಲ್ಲ, ಬರೀ ಕಂದು ಇರಬಹುದು.

ನಾನು ಕಲಿತದ್ದು ಕಳಕೊಂಡು. ಮೊದಲನೇದನ್ನ ಅಂಗಳದ ಬಿಸಿಲಲ್ಲಿ ಒಣಗಿಸಿ ಮುಗಿಸಿದೆ. ಎರಡನೇದು ಸತ್ತಾಗ ಸೋಮಾರಿತನದಿಂದ ಟ್ಯಾಂಕಲ್ಲೇ ಬಿಟ್ಟಿದ್ದೆ, ಐದು ತಿಂಗಳಿಗೆ ಒಂಬತ್ತು ಮರಿ.

ಆದರೆ ಎಲ್ಲ ಚುಕ್ಕೆಯೂ ಮರಿ ಅಂತ ಈಗಲೇ ಹಬ್ಬ ಮಾಡಬೇಡ. ರಾತ್ರಿ ದೀಪ ಆರಿಸಿ ಒಂದು ತಾಸು ಬಿಟ್ಟು ಟಾರ್ಚ್ ಹಾಕಿ, ಭೂತಗನ್ನಡಿ ಹಿಡಿದು ನೋಡು. ಮರಿಯಾದರೆ ಚಪ್ಪಟೆ ಬಿಲ್ಲೆ, ನಡುವೆ ಸೀಳು ಬಾಯಿ, ಸುತ್ತ ಸೈಕಲ್ ಚಕ್ರದ ಕಡ್ಡಿಯಂತೆ ಗೆರೆ. ಮೆಲ್ಲಗೆ ಮುಟ್ಟಿದರೆ ಮೈ ಸ್ವಲ್ಪ ಕುಗ್ಗಿ ಕೆಳಗಿನ ಗಟ್ಟಿ ಎಲುಬು ಕೈಗೆ ಸಿಕ್ತದೆ. ಐಪ್ಟೇಸಿಯಾಕ್ಕೆ ಎಲುಬೇ ಇಲ್ಲ. ಉದ್ದ ಕಾಂಡ, ಗಾಜಿನಂಥ ಚೂಪು ಬೆರಳುಗಳು, ಮುಟ್ಟುವುದರೊಳಗೆ ಚಕ್ ಅಂತ ತೂತಿಗೆ ಹೋಗ್ತದೆ. ಪಾಚಿ ಯಾವುದಕ್ಕೂ ಜಗ್ಗೂದಿಲ್ಲ.

ಬಳಚು (ಕುಮಟಾ), ಅಕ್ಟೋಬರ್ 5

ಚುಕ್ಕೆ ಬಗ್ಗೆ ಅಣ್ಣ ಹೇಳಿಯಾಯ್ತು. ನನಗೆ ನಿಮ್ಮ ಟೆಸ್ಟಿನ ಅಂಕಿ ನೋಡಿ ನಿದ್ದೆ ಬರ್ಲಿಲ್ಲ.

ಸರಿಯಾದ ಉಪ್ಪಿರುವ ಸಮುದ್ರದ ನೀರಲ್ಲಿ ಕ್ಯಾಲ್ಸಿಯಂ 410ರ ಆಸುಪಾಸು, ಮೆಗ್ನೀಸಿಯಂ 1290, ಆಲ್ಕಲಿನಿಟಿ 7. ನಿಮ್ಮದು 330, 1030, 5.9. ಭಾಗಿಸಿ ನೋಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಐದರಲ್ಲಿ ಒಂದು ಪಾಲು ಕಮ್ಮಿ, ಆಲ್ಕಲಿನಿಟಿಯೂ ಹೆಚ್ಚುಕಮ್ಮಿ ಅಷ್ಟೇ. ಹವಳ ತಿಂದು ಕಮ್ಮಿಯಾದದ್ದಾದರೆ ಹೀಗೆ ಜೊತೆಜೊತೆಯಾಗಿ ಇಳಿಯೂದಿಲ್ಲ. ಎಲುಬು ಕಟ್ಟುವಾಗ 2.8 ಡಿಕೆಎಚ್ ಆಲ್ಕಲಿನಿಟಿ ಖರ್ಚಾದರೆ ಕ್ಯಾಲ್ಸಿಯಂ ಇಳಿಯುವುದು ಬರೀ 20. ಮೆಗ್ನೀಸಿಯಂ ಅಲುಗುವುದೇ ಇಲ್ಲ ಅನ್ನಬಹುದು. ಎಲ್ಲ ಒಂದೇ ಪ್ರಮಾಣದಲ್ಲಿ ಇಳಿದಿದೆ ಅಂದ್ರೆ ನೀರೇ ತೆಳ್ಳಗಾಗಿದೆ ಅಂತ. ನಿಮ್ಮ ಮುಳ್ಳು 1.025 ತೋರಿಸಿದ್ರೂ ನಿಜವಾದದ್ದು 1.021ರ ಹತ್ತಿರ ಇರಬೇಕು. ಜುಲೈಯಲ್ಲಿ ಎಷ್ಟಿತ್ತೋ ದೇವರಿಗೇ ಗೊತ್ತು.

ಎರಡು ಪ್ರಶ್ನೆ. ಮಳೆಗಾಲದಲ್ಲಿ ನೀರು ಎಲ್ಲಿಂದ ತಂದ್ರಿ? ಆವಿಯಾದದ್ದಕ್ಕೆ ದಿನಾ ಸಿಹಿನೀರು ಎಷ್ಟು ಹಾಕ್ತೀರಿ?

ಕಾಳಿದಂಡೆ (ಕಾರವಾರ), ಅಕ್ಟೋಬರ್ 5

ಅಕ್ಕಾ, ನೀರು ಕೋಡಿಬಾಗದ ದಂಡೆಯಿಂದಲೇ. ಜೂನ್ ಕೊನೆಗೆ ಒಮ್ಮೆ, ಜುಲೈ ಶುರುವಿಗೆ ಒಮ್ಮೆ, 40 ಲೀಟರಿನ ಕ್ಯಾನ್.

ಸಿಹಿನೀರು ದಿನಾ ಬೆಳಿಗ್ಗೆ ಮೂರು ಮಗ್, ಆರ್‌ಓದ್ದು. ಮೇ ತಿಂಗಳಲ್ಲಿ ಅಷ್ಟು ಬೇಕಾಗ್ತಿತ್ತು, ಹಾಗೇ ರೂಢಿ ಆಯ್ತು. ಮಳೆ ಶುರುವಾದ ಮೇಲೆ ಸಂಪ್ ತುಂಬಿ ಬರ್ತಿತ್ತು. ಆಗೆಲ್ಲ ಒಂದೆರಡು ಮಗ್ ತೆಗೆದು ಚೆಲ್ತಿದ್ದೆ.

ಬರೆದ ಮೇಲೆ ಈಗ ಹೊಳೀತಿದೆ.

ಬಳಚು (ಕುಮಟಾ), ಅಕ್ಟೋಬರ್ 5

ಅಯ್ಯೋ ಮಾರಾಯ್ರೆ! ಸಿಹಿನೀರು ಹಾಕಿ ಉಪ್ಪುನೀರು ಚೆಲ್ಲಿದ್ದೀರಿ, ಅದೂ ಎರಡು ತಿಂಗಳು.

ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಟ್ಯಾಂಕಲ್ಲೇ ಇರ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಹಗ್ಗದ ಮೇಲಿನ ಬಟ್ಟೆಯೇ ನಾಲ್ಕು ದಿನಕ್ಕೆ ಒಣಗೂದಿಲ್ಲ, ಟ್ಯಾಂಕಿನ ನೀರು ಆವಿಯಾಗುವುದು ಹೇಗೆ? ಸಂಪಿನ ಗಾಜಿಗೆ ಗೆರೆ ಹಾಕಿ. ಗೆರೆಗಿಂತ ಕೆಳಗೆ ಇಳಿದರೆ ಮಾತ್ರ ನೀರು. ಮಗ್ಗಿನ ಲೆಕ್ಕ ಬಿಡಿ.

ಕೋಡಿಬಾಗದ್ದು ಇನ್ನೊಂದು ಕತೆ. ಅಲ್ಲೇ ಕಾಳಿ ಹೊಳೆ ಸಮುದ್ರ ಸೇರುವುದು. ಜುಲೈಯಲ್ಲಿ ಅಲ್ಲಿ ತುಂಬಿದ್ದು ಘಟ್ಟದ ಮಳೆನೀರು, ಉಪ್ಪು ಕಮ್ಮಿ, ಕೆಸರು ಹೆಚ್ಚು. ಸಿಹಿನೀರು ಹಗುರ, ಮೇಲೇ ತೇಲ್ತದೆ. ನಾವು ಕ್ಯಾನ್ ಅದ್ದುವುದೂ ಮೇಲೇ. ಇಲ್ಲಿ ಅಘನಾಶಿನಿ ಅಳಿವೆಯಲ್ಲೂ ಇದೇ ಹಾಡು. ಅಲ್ಲಿನ ಬಳಚಿಗೆ ಆ ಏರಿಳಿತ ರೂಢಿ, ಅಪಾಯ ಕಂಡರೆ ಚಿಪ್ಪು ಮುಚ್ಚಿ ಕೂತ್ಕೊಳ್ತದೆ. ಹವಳಕ್ಕೆ ಮುಚ್ಚಲಿಕ್ಕೆ ಬಾಗಿಲು ಎಲ್ಲುಂಟು?

ನಾನು ಜೂನ್‌ನಿಂದ ಅಕ್ಟೋಬರ್‌ವರೆಗೆ ಸಮುದ್ರದ ನೀರು ಮುಟ್ಟೂದಿಲ್ಲ, ಪ್ಯಾಕೆಟ್ ಉಪ್ಪೇ (ಅಡುಗೆಯದ್ದಲ್ಲ, ಟ್ಯಾಂಕಿಗೆಂದೇ ಮಾಡಿದ್ದು). ಬೇಸಿಗೆಯಲ್ಲಿ ತಂದರೂ ಅಳಿವೆಯಿಂದ ದೂರ, ಭರತದ ಹೊತ್ತಿಗೆ. ಬಂದರಿನ ಹತ್ತಿರ ಬೇಡ, ದೋಣಿಯ ಡೀಸೆಲ್ ಇರ್ತದೆ.

ಶರಾವತಿ_ಹುಡುಗ (ಹೊನ್ನಾವರ), ಅಕ್ಟೋಬರ್ 6

ಮಧ್ಯೆ ಬಾಯಿ ಹಾಕ್ತೇನೆ. ಪ್ಯಾಕೆಟ್ ಉಪ್ಪು ದುಬಾರಿ. ಸಾಣಿಕಟ್ಟಾದ ಉಪ್ಪು ಹಾಕಿದರೆ ಆಗೂದಿಲ್ವಾ? ಅದೂ ಇಲ್ಲಿದೇ ನೀರಿಂದ ತೆಗೆದದ್ದಲ್ವಾ?

ಬಳಚು (ಕುಮಟಾ), ಅಕ್ಟೋಬರ್ 6

ನಮ್ಮೂರ ಉಪ್ಪಿನ ಮೇಲೆ ಅಭಿಮಾನ ನನಗೂ ಉಂಟು, ಮಾವಿನಮಿಡಿಗೆ ಅದೇ ಬೇಕು. ಟ್ಯಾಂಕಿಗೆ ಬೇಡ. ಗದ್ದೆಯಲ್ಲಿ ನೀರು ಬತ್ತುವಾಗ ಎಲ್ಲ ಒಟ್ಟಿಗೆ ಹರಳಾಗೂದಿಲ್ಲ. ಮೊದಲು ಸುಣ್ಣದಂಶ, ಆಮೇಲೆ ಜಿಪ್ಸಂ ಕೆಳಗೆ ಕೂತ್ಕೊಳ್ತದೆ. ಅಂದ್ರೆ ಕ್ಯಾಲ್ಸಿಯಂ ಅಲ್ಲೇ ಹೋಯ್ತು. ಆಮೇಲೆ ನಾವು ತಿನ್ನುವ ಉಪ್ಪು. ಮೆಗ್ನೀಸಿಯಂ, ಪೊಟ್ಯಾಸಿಯಂ ಕಡೆಗೆ ಉಳಿದ ಕಹಿನೀರಲ್ಲೇ ಹೆಚ್ಚು. ನೀವು ಮನೆಗೆ ತರುವುದು ನಡುವಿನ ಪಾಲು ಮಾತ್ರ. ನೀರಿಗೆ ಹಾಕಿದ್ರೆ ಉಪ್ಪಾಗ್ತದೆ, ಸಮುದ್ರ ಆಗೂದಿಲ್ಲ.

ಅಲೆಮನೆ (ಶಿರಸಿ), ಅಕ್ಟೋಬರ್ 6

ಅಡುಗೆ ಉಪ್ಪಿಗೆ ಒಂದು ಕೆಲಸ ಉಂಟು. ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನ ನೋಡಿ ಉಪ್ಪು ಅಳೆಯುವ ಸಾಧನ) ಯಾರ ಹತ್ತಿರ ಆದರೂ ತಗೊ, ಮುಳ್ಳಿನದ್ದನ್ನ ನಂಬಬೇಡ. ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಮೇಲೆ ಹೋಗ್ತದೆ. ರಿಫ್ರಾಕ್ಟೋಮೀಟರನ್ನ ಬರೀ ಶುದ್ಧ ನೀರಿನ ಸೊನ್ನೆಗೆ ಹೊಂದಿಸಿದರೆ ಸಾಲದು. 36.5 ಗ್ರಾಂ ಉಪ್ಪು, 963.5 ಗ್ರಾಂ ಬಟ್ಟಿ ಇಳಿಸಿದ ನೀರು ಕಲಸು, ಅದು ಸಮುದ್ರದ ನೀರಿನ ಹಾಗೆ 35 (ಸಾವಿರಕ್ಕೆ ಇಷ್ಟು ಪಾಲು ಉಪ್ಪು) ತೋರಿಸಬೇಕು. ತೂಗುವ ಮೊದಲು ಉಪ್ಪನ್ನ ಬಾಣಲೆಯಲ್ಲಿ ಹುರಿದು ಆರಿಸು. ಕರಾವಳಿಯ ಡಬ್ಬದ ಉಪ್ಪಲ್ಲಿ ಅರ್ಧ ಗಾಳಿಯ ನೀರೇ ಇರ್ತದೆ.

ಕಾಳಿದಂಡೆ (ಕಾರವಾರ), ಅಕ್ಟೋಬರ್ 9

ಸ್ನೇಹಿತನ ರಿಫ್ರಾಕ್ಟೋಮೀಟರ್ ಸಿಕ್ತು. ಹುರಿದ ಉಪ್ಪಿನ ನೀರಲ್ಲಿ ಹೊಂದಿಸಿದೆ. ಟ್ಯಾಂಕ್ 28, ಅಂದ್ರೆ 1.021. ಅಕ್ಕ ಹೇಳಿದ್ದು ಅಚ್ಚುಕಟ್ಟು.

ಟಾರ್ಚ್ ಹಾಕಿಯೂ ನೋಡಿದೆ. ಸಾಸಿವೆಯಂಥ ಆರರಲ್ಲೂ ಕಡ್ಡಿ ಗೆರೆ ಉಂಟು! ಆದರೆ ನಾನು ಖುಷಿಪಟ್ಟಿದ್ದ ಆ ಎರಡು ದೊಡ್ಡವು ಮುಟ್ಟುವ ಮೊದಲೇ ಮಾಯ. ಅಂಚಿನ ಅಡಿಯಲ್ಲಿ ಇವೆ. ಐಪ್ಟೇಸಿಯಾ ಅಲ್ದಾ? ಸುಣ್ಣದ ಪೇಸ್ಟ್ ಸಿರಿಂಜಲ್ಲಿ ಬಿಟ್ಟರೆ ಸಾಯ್ತದೆ ಅಂತ ಓದಿದ್ದೆ.

ಅಲೆಮನೆ (ಶಿರಸಿ), ಅಕ್ಟೋಬರ್ 9

ಸಾಯ್ತದೆ, ಪಕ್ಕದ ಮರಿಯೂ ಸಾಯ್ತದೆ. ಸುಣ್ಣ ನಮ್ಮ ಬಾಯಿಯನ್ನೇ ಸುಡ್ತದೆ, ಎಲೆ ಅಡಿಕೆ ಹಾಕುವವರನ್ನ ಕೇಳು. ಕೆರೆಯಲೂ ಬೇಡ. ಬುಡದ ಚೂರು ಉಳಿದರೆ ಚೂರಿಗೊಂದು ಹೊಸ ಕಳೆ.

ಅಂಚಿನಲ್ಲಿ ಇದ್ದದ್ದು ಅದೃಷ್ಟ. ಟ್ಯಾಂಕಿನ ನೀರನ್ನೇ ಬೋಗುಣಿಗೆ ತಗೊಂಡು ಹವಳವನ್ನ ಅದರಲ್ಲಿ ಮುಳುಗಿಸಿಟ್ಟು, ಕಳೆ ಇರುವಷ್ಟು ಅಂಚನ್ನ ಇಕ್ಕಳದಿಂದ ಮುರಿದುಬಿಡು. ಸತ್ತ ಎಲುಬು, ನೋವಿಲ್ಲ. ಬೋಗುಣಿಯ ನೀರು ಟ್ಯಾಂಕಿಗೆ ವಾಪಸ್ ಹಾಕಬೇಡ.

ಉಪ್ಪು ಏರಿಸುವುದಕ್ಕೆ ಗಡಿಬಿಡಿ ಮಾಡಡ. 200 ಲೀಟರಿಗೆ ಒಟ್ಟು ಒಂದೂವರೆ ಕಿಲೋ ಹತ್ತಿರ ಪ್ಯಾಕೆಟ್ ಉಪ್ಪು ಬೇಕು. ದಿನಕ್ಕೆ 150 ಗ್ರಾಂ, ಟ್ಯಾಂಕಿನದ್ದೇ 5 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ ಸಂಪಿಗೆ ಸಣ್ಣ ಧಾರೆಯಲ್ಲಿ ಬಿಡು. ಹತ್ತು ದಿನದ ಕೆಲಸ. ಉಪ್ಪು ಏರಿದ ಹಾಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತಾವೇ ಏರ್ತವೆ, ಬೇರೆ ಬಾಟಲಿ ಸುರಿಯಬೇಡ.

ನಿರ್ವಾಹಕ, ಅಕ್ಟೋಬರ್ 10

ಎಲುಬುಗೂಡಿಂದ ಮರಿ ಬರ್ತದೆ ಅಂತ ಓದಿ ಯಾರೂ ನೇತ್ರಾಣಿಗೆ ಡೈವಿಂಗ್ ಹೋದಾಗ "ಸತ್ತದ್ದೊಂದು ತುಂಡು" ಅಂತ ತರಬೇಡಿ. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲೇ ಸೇರಿವೆ, ಸತ್ತ ತುಂಡಿಗೂ ಅದೇ ಕಾನೂನು. ಕಾಳಿದಂಡೆ, ನಿಮ್ಮದು ಎಲ್ಲಿಯದು?

ಕಾಳಿದಂಡೆ (ಕಾರವಾರ), ಅಕ್ಟೋಬರ್ 10

ಬೆಂಗಳೂರಿನ ಅಂಗಡಿಯದ್ದು ಸರ್, ಇಂಡೊನೇಷ್ಯಾದಿಂದ ಬಂದದ್ದು. ರಸೀದಿ, ಆಮದಿನ ಕಾಗದದ ಪ್ರತಿ ಎರಡೂ ಇವೆ.

ಕಾಳಿದಂಡೆ (ಕಾರವಾರ), ಡಿಸೆಂಬರ್ 21

ವರದಿ ಕೊಡ್ಲಿಕ್ಕೆ ತಡವಾಯ್ತು. ಉಪ್ಪು 35ಕ್ಕೆ ನಿಂತಿದೆ, ಕ್ಯಾಲ್ಸಿಯಂ 415, ಆಲ್ಕಲಿನಿಟಿ 7.4. ಅಂಚು ಮುರಿದ ಮೇಲೆ ಕಳೆ ಮತ್ತೆ ಕಾಣ್ಲಿಲ್ಲ.

ಆರರಲ್ಲಿ ಒಂದು ಹೋಯ್ತು, ಪಾಚಿ ಮುಚ್ಚಿಹಾಕಿತು. ಆದರೆ ಹೊಸದಾಗಿ ಮೂರು ಎದ್ದಿವೆ, ಒಂದು ಬಾಯಿಯ ಹತ್ತಿರವೇ. ದೊಡ್ಡದು ಈಗ 6 ಮಿಲಿಮೀಟರ್, ಹಸಿರು ಬಣ್ಣ ತಿರುಗಿದೆ. ಊಟ ಕೊಡಬೇಕಾ?

ಅಲೆಮನೆ (ಶಿರಸಿ), ಡಿಸೆಂಬರ್ 21

ಬೆಳಕೇ ಅರ್ಧ ಊಟ, ಮೈಯೊಳಗಿನ ಪಾಚಿಕಣ ಅಡುಗೆ ಮಾಡಿ ಹಾಕ್ತದೆ. ವಾರಕ್ಕೆ ಎರಡು ಸಲ ಆಗತಾನೇ ಮೊಟ್ಟೆ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿ ಕೊಡು, ರಾತ್ರಿ, ಪಂಪ್ ನಿಲ್ಲಿಸಿ. ಬಾಯಿ ಎಷ್ಟು ಸಣ್ಣದು ಅಂತ ನೆನಪಿರಲಿ, ಸಿಗಡಿ ತುಂಡು ಹಾಕಿದರೆ ಕೊಳೀತದೆ. ಮತ್ತೆ ಆ ಸನ್ಯಾಸಿ ಏಡಿಗಳು ಇನ್ನೂ ಅಲ್ಲೇ ಇದ್ದಾವಾ?

ಕಾಳಿದಂಡೆ (ಕಾರವಾರ), ಡಿಸೆಂಬರ್ 22

ಇದ್ದಾವೆ. ಅವು ಪಾಚಿ ತಿನ್ನೂದಲ್ವಾ?

ಕಾಳಿದಂಡೆ (ಕಾರವಾರ), ಮಾರ್ಚ್ 8

ಅಣ್ಣಾ, ತುರ್ತು. ಇವತ್ತು ಬೆಳಿಗ್ಗೆ ಒಂದು ಮರಿ ಮರಳಲ್ಲಿ ಮಗುಚಿ ಬಿದ್ದಿತ್ತು, ಪಕ್ಕದಲ್ಲೇ ಏಡಿ. ಮರಿ ಒಂದು ಸೆಂಟಿಮೀಟರ್ ಅಗಲ, ಅಡಿಯಲ್ಲಿ ಮುರಿದ ಗುರುತು, ಮೇಲಿನ ಚರ್ಮ ಪೂರ್ತಿ ಇದೆ. ಅಂಟಿಸಬೇಕಾ?

ಬಳಚು (ಕುಮಟಾ), ಮಾರ್ಚ್ 8

ಅಂಟಿಸಬೇಡಿ! ಅದು ಹೇಗಿದ್ರೂ ಬೀಳಬೇಕಾದ್ದೇ, ಸ್ವಲ್ಪ ಬೇಗ ಬಿತ್ತು. ಬಾಯಿ ಮೇಲೆ ಬರುವ ಹಾಗೆ ನಯವಾದ ಮರಳಿನ ಮೇಲೆ ಇಡಿ, ಹರಿವು ಕಮ್ಮಿ ಇರುವ ಕಡೆ, ಬೇರೆ ಹವಳದ ಬೆರಳು ತಾಗದ ಹಾಗೆ. ಮರಳು ಬಿದ್ದರೆ ಊದಿಕೊಂಡು ತಾನೇ ಕೊಡವಿಕೊಳ್ತದೆ. ದಂಟು ಉಳಿದಿದ್ದರೆ ಅದನ್ನೂ ಮುಟ್ಟಬೇಡಿ, ಇನ್ನೊಂದು ಬಂದೀತು.

ಕಾಳಿದಂಡೆ (ಕಾರವಾರ), ಮಾರ್ಚ್ 10

ಇಟ್ಟೆ. ನಿನ್ನೆ ರಾತ್ರಿ ಊದಿಕೊಂಡು ಅವರೆಕಾಳಿನ ಹಾಗೆ ಕೂತಿತ್ತು, ಅಮ್ಮನನ್ನ ಕರೆದು ತೋರಿಸಿದೆ. ಷೋಕೇಸಿಗೆ ಯಾವಾಗ ಅಂತ ಈಗ ಕೇಳೂದಿಲ್ಲ. ಏಡಿಗಳು ನಾಲ್ಕೂ ಸಂಪಿಗೆ ಹೋದವು.