ಶೇಂಗಾ ಕಿತ್ತ ಹೊಲದಲ್ಲಿ ಹಕ್ಕಲು: ಎಷ್ಟು ಸಿಗುತ್ತದೆ, ಯಾವುದನ್ನು ಬಿಡಬೇಕು?

ಕೂಳೆಹೊಲ:
ಶೇಂಗಾ ಕಿತ್ತಾದ ಎರಡು ಎಕರೆ ಹೊಲ, ಪಕ್ಕದಲ್ಲೇ ಯಂತ್ರದಿಂದ ಕೊಯ್ದ ಭತ್ತದ ಗದ್ದೆ. ಎರಡರಲ್ಲೂ ಹಕ್ಕಲು (ಕೊಯ್ಲಾದ ಮೇಲೆ ಹೊಲದಲ್ಲೇ ಉಳಿದ ಕಾಯಿ, ತೆನೆ) ಆಯಲು ಹೊಲದವರು ಒಪ್ಪಿದ್ದಾರೆ, ಆದರೆ ನಾಲ್ಕು ದಿನದಲ್ಲಿ ಉಳುಮೆ ಶುರು. ಆಯುವವರು ಆರು ಜನ. ಶೇಂಗಾ ಹೊಲ ಗಟ್ಟಿಯಾಗಿದೆ. ಮೊದಲು ಯಾವುದಕ್ಕೆ ಇಳಿಯಬೇಕು? ಮಣ್ಣಲ್ಲಿ ಉಳಿದ ಕಾಯಿ ತಿನ್ನಬಹುದೇ?

ಕಣದಂಚು:
ಬಗ್ಗುವ ಮೊದಲು ಎಣಿಸಿ. ಉದ್ದಗಲ ಒಂದೊಂದು ಮೀಟರ್ ಇರುವ ಚೌಕ ಗುರುತು ಮಾಡಿ ನಾಲ್ಕು ಇಂಚು ಆಳ ಕೆದಕಿ. ಐದು ಕಡೆ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಒಣಗಿದ ಶೇಂಗಾಕಾಯಿ ಸುಮಾರು ಒಂದು ಗ್ರಾಂ ತೂಗುತ್ತದೆ. ಚೌಕಕ್ಕೆ 10 ಕಾಯಿ ಸಿಕ್ಕರೆ ಎಕರೆಗೆ 40 ಕಿಲೊ ಆಸುಪಾಸು.

ಭತ್ತದ ಲೆಕ್ಕವೇ ಬೇರೆ. ಸಾವಿರ ಕಾಳಿಗೆ 25 ಗ್ರಾಂ ಹಿಡಿದರೂ ಒಂದು ಕಿಲೊಗೆ 40,000 ಕಾಳು ಬೇಕು. ಉದುರಿದ ಕಾಳು ಆಯಲು ಹೋಗಬೇಡಿ, ಇಡೀ ತೆನೆ ಮಾತ್ರ ಎತ್ತಿ. ಯಂತ್ರ ತಿರುಗಿದ ಮೂಲೆ, ಬದುವಿನ ಅಂಚು, ಪೈರು ಮಲಗಿದ್ದ ಜಾಗ, ತೆನೆ ಉಳಿದಿರುವುದು ಅಲ್ಲೇ. ಇಬ್ಬನಿ ಆರುವ ಮೊದಲು ಎತ್ತಿದರೆ ಕಾಳು ಉದುರುವುದು ಕಡಿಮೆ. ಒಂದು ಬೆಳಗ್ಗೆ ಅದಕ್ಕೆ ಸಾಕು. ಉಳಿದ ಹೊತ್ತೆಲ್ಲ ಶೇಂಗಾಕ್ಕೆ ಕೊಡಿ.

ಕುರ್ಪಿ ಮೊರ:
ನೆಲ ಗಟ್ಟಿ ಇದ್ದರೆ ಕೀಳುವಾಗ ತೊಟ್ಟು ಹರಿದು ಕಾಯಿ ಮಣ್ಣಲ್ಲೇ ನಿಲ್ಲುತ್ತದೆ. ಬಲಿತು ದಿನ ಮೀರಿದ್ದರೆ, ಎಲೆಚುಕ್ಕೆ ಬಂದು ಎಲೆ ಉದುರಿದ್ದರೆ ತೊಟ್ಟು ಇನ್ನೂ ಬೇಗ ಬಿಡುತ್ತದೆ. ಹಾಗಾಗಿ ಹೊಲದಲ್ಲಿ ಎಲ್ಲಿ ರೋಗ ಹೆಚ್ಚಿತ್ತೆಂದು ಕೇಳಿ ಅಲ್ಲಿಂದ ಶುರು ಮಾಡಿ. ಕುರ್ಪಿಯಿಂದ ಕುಟ್ಟಬೇಡಿ, ಅರ್ಧ ಕಾಯಿ ಸೀಳಿಹೋಗುತ್ತವೆ. ಹೊಲದವರು ಒಪ್ಪಿದರೆ ನಾಲ್ಕೈದು ಇಂಚು ಆಳಕ್ಕೆ ಒಮ್ಮೆ ಕುಂಟೆ ಹೊಡೆಸಿ, ಅದು ಹೊಲ ದಾಟಿದ ಮೇಲೆ ಸಾಲಾಗಿ ನಿಂತು ಆಯಿರಿ. ಕುಂಟೆ ಇಲ್ಲದಿದ್ದರೆ ಹಿಂದಿನ ಸಂಜೆ ತೆಳ್ಳಗೆ ನೀರು ಚಿಮುಕಿಸಬಹುದು.

ಜರಡಿ:
ನೀರಿನ ವಿಷಯದಲ್ಲಿ ನನ್ನದು ಬೇರೆ ಮಾತು. ಗೊಂಚಲು ತಳಿಯಾದರೆ (ಬಳ್ಳಿಯಂತೆ ಹರಡದೆ ನೆಟ್ಟಗೆ ಬೆಳೆಯುವುದು) ಬೀಜಕ್ಕೆ ಸುಪ್ತಾವಸ್ಥೆ, ಅಂದರೆ ಮೊಳೆಯದೆ ಮಲಗಿರುವ ಅವಧಿ, ತೀರ ಕಡಿಮೆ, ಹಸಿ ಸಿಕ್ಕರೆ ಮಣ್ಣಲ್ಲೇ ಮೊಳೆಯುತ್ತದೆ. ಒದ್ದೆ ಕಾಯಿಯನ್ನು ಚೀಲದಲ್ಲಿ ರಾತ್ರಿ ಬಿಟ್ಟರಂತೂ ಬೂಷ್ಟು ಗ್ಯಾರಂಟಿ. ನೀರು ಹಾಕಿದರೆ ಮರುದಿನವೇ ಆಯ್ದು ಅದೇ ದಿನ ಹರಡಬೇಕು.

ತಿನ್ನುವ ಪ್ರಶ್ನೆ ಮುಖ್ಯ, ದಯವಿಟ್ಟು ಗಮನಿಸಿ. ಮಣ್ಣಲ್ಲಿ ಉಳಿದ ಶೇಂಗಾಕ್ಕೆ ಆಸ್ಪರ್ಜಿಲಸ್ ಎಂಬ ಬೂಷ್ಟು ಹತ್ತಿ ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ. ಅದು ಯಕೃತ್ತಿಗೆ ಹಾನಿ ಮಾಡುತ್ತದೆ, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ಬಿಸಿಲು ಹೆಚ್ಚಿದ್ದರೆ ಅಪಾಯ ಇನ್ನೂ ಜಾಸ್ತಿ. ಸೀಳಿದ್ದು, ಗೆದ್ದಲು ಕೊರೆದದ್ದು, ಮೊಳೆತದ್ದು, ಸುಕ್ಕಿದ್ದು, ಬೀಜದ ಬಣ್ಣ ಕಂದಿದ್ದು ಎಲ್ಲ ತೆಗೆದುಹಾಕಿ. ದನಕ್ಕೂ ಕೋಳಿಗೂ ಹಾಕಬೇಡಿ. ಕಹಿ ಬೀಜ ಬಾಯಿಗೆ ಸಿಕ್ಕರೆ ಉಗಿದುಬಿಡಿ. ನೋಡಲು ಚೆನ್ನಾಗಿರುವ ಬೀಜದಲ್ಲೂ ವಿಷ ಇರಬಹುದಾದ್ದರಿಂದ ಮಕ್ಕಳಿಗೆ ಹಕ್ಕಲಿನ ಶೇಂಗಾ ಕೊಡದಿರುವುದೇ ಒಳ್ಳೆಯದು.

ಕೂಳೆಹೊಲ:
ಒಣಗಿದ್ದು ಸಾಕೆಂದು ತಿಳಿಯುವುದು ಹೇಗೆ? ಗದ್ದೆಯ ಇಲಿ ಬಿಲಗಳಲ್ಲೂ ತೆನೆ ಇರುತ್ತದಲ್ಲ, ಅಗೆಯಬಹುದೇ?

ಕಣದಂಚು:
ಟಾರ್ಪಾಲಿನ ಮೇಲೆ ಎರಡು ಇಂಚಿಗಿಂತ ದಪ್ಪ ಆಗದಂತೆ ಹರಡಿ, ದಿನಕ್ಕೆ ಮೂರ್ನಾಲ್ಕು ಸಲ ಕೈಯಾಡಿಸಿ, ಸಂಜೆ ಮುಚ್ಚಿ. ಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ಕಚ್ಚಿದರೆ ಬಗ್ಗದೆ ಪಟ್ಟನೆ ಮುರಿಯಬೇಕು. ತೇವಮಾಪಕ ಸಿಕ್ಕರೆ ಶೇಂಗಾಕ್ಕೆ ಶೇ. 8ರ ಹತ್ತಿರ, ಭತ್ತಕ್ಕೆ ಶೇ. 13ರ ಹತ್ತಿರ ನೋಡಿ. ತುಂಬಲು ಪ್ಲಾಸ್ಟಿಕ್ ಬೇಡ, ಗೋಣಿಚೀಲ ಇರಲಿ.

ಬಿಲ ಮುಟ್ಟಬೇಡಿ. ಇಲಿ ಮೂತ್ರದಿಂದ ಇಲಿಜ್ವರ ಬರುತ್ತದೆ, ಹಾವಿರಬಹುದು, ಒಳಗೆ ಯಾರಾದರೂ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಟ್ಟಿದ್ದರೆ ತೇವ ತಗಲಿದೊಡನೆ ವಿಷಗಾಳಿ ಏಳುತ್ತದೆ. ಕೊನೆಯ ಸಲ ಔಷಧಿ ಯಾವಾಗ ಹೊಡೆದರು, ಯಾವುದು ಎಂದು ಹೊಲದವರನ್ನು ಇವತ್ತೇ ಕೇಳಿಕೊಳ್ಳಿ. ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆದಿರದಿದ್ದರೆ ಆ ತುಂಡು ಹೊಲ ಬಿಟ್ಟುಬಿಡಿ.